ಏನೂ ಬೆಳೆಯದ ನೀರು

ಲ್ಯಾಬಿನ ಕೆಲಸ ಹೇಗಿರುತ್ತದೆ ಆಂಟಿ ಎಂದು ನಮ್ಮ ಬಿಲ್ಡಿಂಗಿನ ಹುಡುಗಿಯರು ಕೇಳುತ್ತಾರೆ. ಮೈಕ್ರೋಬಯಾಲಜಿ ಓದಿ ಕೆಲಸಕ್ಕೆ ಹೊರಟವರು. ನನ್ನ ಉತ್ತರ ಒಂದೇ: ಕಾಯುವುದು. ರೋಗಿಯ ರಕ್ತವನ್ನೋ ಮೂತ್ರವನ್ನೋ ಅಗರ್ ತಟ್ಟೆಗೆ ಸವರಿ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಮನೆಗೆ ಹೋಗುತ್ತೀರಿ. ಮರುದಿನ ಬಂದು ನೋಡುತ್ತೀರಿ. ಬ್ಯಾಕ್ಟೀರಿಯಾ ಬೆಳೆದಿದ್ದರೆ ಕೆಲಸ ಹೆಚ್ಚು. ಬೆಳೆಯದಿದ್ದರೆ "ನೋ ಗ್ರೋತ್" ಎಂದು ಬರೆದು ಟೀ ಕುಡಿಯಬಹುದು. ಆನೆಸ್ಟ್ಲಿ, ನನ್ನ ಇಡೀ ಸರ್ವಿಸಿನಲ್ಲಿ ಆ ಎರಡು ಶಬ್ದಗಳಷ್ಟು ಸಮಾಧಾನ ಕೊಟ್ಟದ್ದು ಬೇರೆ ಇಲ್ಲ. ಆ ಸಮಾಧಾನದ ಬಗ್ಗೆಯೇ ಎಚ್ಚರಿಕೆ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಯಾವ ವರ್ಷ ಸೀನಿಯರ್ ಆದೆ, ಯಾವಾಗ ಇನ್‌ಚಾರ್ಜ್ ಆದೆ ಎಂಬುದೆಲ್ಲ ನನ್ನ ಪೆನ್ಷನ್ ಫೈಲಿನಲ್ಲೇ ಇರಲಿ.

ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಡೊಂಬಿವಲಿಗೆ ಬಂದೆ. ಮನೆಯಲ್ಲಿ ತುಳು, ಟ್ರೇನಿನಲ್ಲಿ ಮರಾಠಿ, ಕೆಲಸದಲ್ಲಿ ಇಂಗ್ಲಿಷು. ಕನ್ನಡ ಉಳಿದದ್ದು ಓದಲಿಕ್ಕೆ ಮಾತ್ರ. ಕಲ್ಯಾಣದ ಒಂದು ಟ್ರಸ್ಟ್ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಡೊಂಬಿವಲಿಯಿಂದ ಎರಡೇ ಸ್ಟೇಷನ್. ಠಾಕುರ್ಲಿ ದಾಟಿದರೆ ಕಲ್ಯಾಣ. ಊರೆಲ್ಲ ಮುಂಬಯಿಯ ಕಡೆಗೆ ಓಡುತ್ತಿದ್ದಾಗ ನಾನು ಎದುರು ದಿಕ್ಕಿನ ಗಾಡಿಯಲ್ಲಿ ಕಿಟಕಿಯ ಪಕ್ಕ ಕೂತು ಹೋಗುತ್ತಿದ್ದೆ. ಅದೊಂದೇ ಐಷಾರಾಮ.

ನಮ್ಮ ಹೆಡ್ ಡಾಕ್ಟರ್ ಲೇಲೆ. ಪೆಥಾಲಜಿಸ್ಟ್, ತೆಳ್ಳಗೆ, ಬೆಳ್ಳಗೆ, ಇಸ್ತ್ರಿ ಕೆಡದ ಕೋಟು. ಅವರು ನಗುವುದು ಯಾರಾದರೂ ತಪ್ಪು ಮಾಡಿದಾಗ ಮಾತ್ರ. ಒಂದು ಮಳೆಗಾಲ ನಾಲ್ಕಾರು ರೋಗಿಗಳ ಸ್ಯಾಂಪಲ್ಲುಗಳಲ್ಲಿ ಒಂದೇ ಜಾತಿಯ ಅಪರೂಪದ ಬೂಷ್ಟು ಬೆಳೆಯಿತು. ನಾನು ಹಿಗ್ಗಿ ಹೀರೇಕಾಯಿಯಾಗಿ ಅವರ ಟೇಬಲ್ಲಿಗೆ ತಟ್ಟೆಗಳನ್ನು ಒಯ್ದೆ. ಅವರು ತಟ್ಟೆ ನೋಡಲಿಲ್ಲ. ತಲೆಯೆತ್ತಿ ನಮ್ಮ ಲ್ಯಾಬಿನ ಸೋರುವ ಫಾಲ್ಸ್ ಸೀಲಿಂಗ್ ನೋಡಿದರು. "ಸುಮತಿಬಾಯಿ, ಈ ಪೇಶಂಟಿಗೆ ಯಾವ ವಾರ್ಡಿನಲ್ಲಿ ಬೆಡ್ ಕೊಡೋಣ?" ಎಂದು ಸೀಲಿಂಗಿನ ಕಡೆ ಬೆರಳು ಮಾಡಿದರು. ಬೂಷ್ಟು ತಟ್ಟೆಗಳಿಗೆ ಉದುರಿದ್ದು ಅಲ್ಲಿಂದ. ಆಮೇಲೆ ವರ್ಷಗಟ್ಟಲೆ ಆ ಜೋಕು ನನ್ನ ಬೆನ್ನು ಬಿಡಲಿಲ್ಲ. ಅವರ ಸಿದ್ಧಾಂತ ಸರಳ: "ವಾಟ್ ಡಸಂಟ್ ಗ್ರೋ, ಡಸಂಟ್ ಎಕ್ಸಿಸ್ಟ್." ಬೆಳೆಯದ್ದು ಇಲ್ಲವೇ ಇಲ್ಲ. ನಾವೆಲ್ಲ ಅದನ್ನು ಜಪದಂತೆ ಹೇಳುತ್ತಿದ್ದೆವು.

ಬೆಳೆಯದೆಯೂ ಕಾಡುವುದೊಂದು ಇದೆ ಎಂದು ಆಗಲೇ ಬಲ್ಲವಳು ನನ್ನ ಗೆಳತಿ ಮೀನಾಕ್ಷಿ. ನವಿ ಮುಂಬಯಿಯ ಒಂದು ಔಷಧ ಕಂಪನಿಯಲ್ಲಿ ಕ್ವಾಲಿಟಿ ಕಂಟ್ರೋಲ್ ನೋಡುತ್ತಿದ್ದಳು. ಮೊದಲೆಲ್ಲ ಅವರು ಸಲೈನನ್ನು ಮೊಲಗಳಿಗೆ ಚುಚ್ಚಿ, ಜ್ವರ ಬರುತ್ತದೋ ಎಂದು ನೋಡುತ್ತಿದ್ದರು. ಬ್ಯಾಕ್ಟೀರಿಯಾ ಸತ್ತಿದ್ದರೂ ಅವುಗಳ ಸಿಪ್ಪೆಗೆ ಮೊಲ ನಡುಗುತ್ತದೆ. ಆಮೇಲೆ ಮೊಲಗಳು ಹೋದವು. ಸಮುದ್ರದ ಒಂದು ಜಾತಿಯ ಏಡಿಯ ರಕ್ತದಿಂದ ಮಾಡಿದ ಪುಡಿ ಬಂತು. ಸಿಪ್ಪೆಯ ಅಂಶವಿದ್ದರೆ ಟ್ಯೂಬಿನಲ್ಲಿ ದ್ರವ ಗಟ್ಟಿಯಾಗಿ ಜೆಲ್ಲಿಯಾಗುತ್ತದೆ. "ಪಾಪದ ಮೊಲಗಳು ಮಾರಾಯ್ತಿ, ರಾತ್ರಿ ಕನಸಲ್ಲಿ ಬರ್ತಿದ್ದವು" ಎನ್ನುತ್ತಿದ್ದಳು. ಅದು ಔಷಧ ಕಂಪನಿಯ ತಲೆನೋವು, ಆಸ್ಪತ್ರೆಗೆ ಅದೇಕೆ ಎಂದು ನಾನು ಕೇಳಿಸಿಕೊಂಡು ಸುಮ್ಮನಿರುತ್ತಿದ್ದೆ.

ಎರಡು ಸಾವಿರದ ಮೊದಲ ದಶಕ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಡಯಾಲಿಸಿಸ್ ಯೂನಿಟ್ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಆ ಕೆಲಸದ ರೀತಿಯನ್ನು ಸ್ವಲ್ಪ ಹೇಳಬೇಕು. ರೋಗಿಯ ರಕ್ತ ಹಾದುಹೋಗುವ ಜರಡಿಯ ಕೊಳವೆಗೆ ಡಯಲೈಸರ್ ಎನ್ನುತ್ತಾರೆ. ಬಡವರ ಆಸ್ಪತ್ರೆಗಳಲ್ಲಿ ಅದನ್ನು ಒಮ್ಮೆ ಬಳಸಿ ಬಿಸಾಡುವುದಿಲ್ಲ. ತೊಳೆದು, ಫಾರ್ಮಾಲಿನ್ ಎಂಬ ಕ್ರಿಮಿನಾಶಕ ತುಂಬಿಸಿ, ಅದೇ ರೋಗಿಯ ಹೆಸರಿನ ಚೀಟಿ ಅಂಟಿಸಿ ಎತ್ತಿಡುತ್ತಾರೆ. ಮುಂದಿನ ಸಲ ಆತ ಬಂದಾಗ ಫಾರ್ಮಾಲಿನನ್ನು ಶುದ್ಧ ನೀರಿನಿಂದ ತೊಳೆದು ಮತ್ತೆ ಹಚ್ಚುತ್ತಾರೆ. ತೊಳೆಯುವ ಈ ನೀರು ರಕ್ತ ಹರಿಯುವ ಜಾಗವನ್ನೇ ಮುಟ್ಟುತ್ತದೆ. ಅದಕ್ಕೇ ತೊಳೆಯುವ ತೊಟ್ಟಿಯ ನಲ್ಲಿಗೆ ಅತಿ ಸಣ್ಣ ರಂಧ್ರದ ಫಿಲ್ಟರ್ ಹಾಕಿದ್ದರು. ಅದರಲ್ಲಿ ಯಾವ ಬ್ಯಾಕ್ಟೀರಿಯಾವೂ ನುಸುಳುವುದಿಲ್ಲ. ತಿಂಗಳಿಗೊಮ್ಮೆ ಆ ನಲ್ಲಿಯಿಂದ ನಾನು ಬಾಟಲಿಯಲ್ಲಿ ನೀರು ಹಿಡಿದು ತಟ್ಟೆಗೆ ಹಾಕಬೇಕು. ಲೇಲೆ ಸರ್ ಸಹಿ ಮಾಡಬೇಕು. ಸದಾ ನೋ ಗ್ರೋತ್.

ಯೂನಿಟ್ಟಿನ ಟೆಕ್ನಿಶಿಯನ್ ಮ್ಹಾತ್ರೆ, ಕಲ್ಯಾಣದ ಹತ್ತಿರದ ಹಳ್ಳಿಯವನು, ದುಡಿಮೆಗಾರ. ನಾನು ಬಾಟಲಿ ಹಿಡಿದು ಬರುವ ಹಿಂದಿನ ಸಂಜೆ ಪೈಪಿಗೆಲ್ಲ ಬ್ಲೀಚ್ ಹರಿಸಿ, ಬೆಳಿಗ್ಗೆ ತೊಳೆದು ಇಡುತ್ತಿದ್ದ. "ಮ್ಯಾಡಂ ಯೇಣಾರ್ ಮ್ಹಣೂನ್ ಏಕ್‌ದಮ್ ಚಕಾಚಕ್!" ಎಂದು ಹಲ್ಲು ಬಿಡುತ್ತಿದ್ದ. ಮೇಡಂ ಬರುತ್ತಾರೆಂದು ಎಲ್ಲ ಫಳಫಳ, ಅತ್ತೆ ಬರುತ್ತಾಳೆಂದು ಮನೆ ಗುಡಿಸುವ ಸೊಸೆಯ ಹಾಗೆ. ಎಲ್ಲ ಯೂನಿಟ್ಟುಗಳಲ್ಲೂ ಇದೇ ಪದ್ಧತಿ. ಯಾರಿಗೂ ಇದರಲ್ಲಿ ತಪ್ಪು ಕಾಣಿಸಲಿಲ್ಲ, ನನಗೂ.

ಶರಣಪ್ಪ ನನಗೆ ಗುರುತಾದದ್ದು ಅಲ್ಲೇ. ಗುಲ್ಬರ್ಗಾ ಕಡೆಯವನು, ಕಲ್ಯಾಣದ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಹೊರುತ್ತಿದ್ದವನು. ಎರಡೂ ಕಿಡ್ನಿ ಕೆಟ್ಟ ಮೇಲೆ ಅದೇ ಮಾರ್ಕೆಟ್ಟಿನಲ್ಲಿ ಮಧ್ಯಾಹ್ನದ ವಾಚ್‌ಮನ್. ಹಾಗಾಗಿ ಬೆಳಗಿನ ಮೊದಲ ಪಾಳಿಯಲ್ಲಿ ಡಯಾಲಿಸಿಸ್ಸಿಗೆ ಬರುತ್ತಿದ್ದ. ಇರುವುದು ಶಹಾಡ್ ಸ್ಟೇಷನ್ನಿನ ಆಚೆ, ಒಂದು ಖೋಲಿಯಲ್ಲಿ, ಹೆಂಡತಿ ಮಹಾದೇವಿಯ ಜೊತೆ. ನಾನು ನರ್ಸಿನೊಂದಿಗೆ ಮಾತಾಡುವಾಗ ನನ್ನ ಹೆಸರು ಕೇಳಿ, "ನೀವು ಕನ್ನಡದವರೇನ್ರೀ ಬಾಯೋರೆ?" ಎಂದ.

"ಹೌದು. ನಿಮಗೆ ಹೇಗೆ ತಿಳಿಯಿತು?"

"ಹೆಸರ್ ಕೇಳಿ ರೀ. ಅಯ್ಯ, ಆದ್ರ ಪುಸ್ತಕದಾಗ ಬರದಂಗ ಮಾತಾಡ್ತೀರಲ್ರೀ! ಸಾಲ್ಯಾಗ ನಮ್ ಮಾಸ್ತರು ಹಿಂಗೇ ಮಾತಾಡ್ತಿದ್ರು. ಆಮ್ಯಾಲ ಹೊಡೀತಿದ್ರು."

ಅವನ ತಾಯಿ ನೀಲಮ್ಮ ಊರಲ್ಲಿದ್ದಳು. ತನ್ನ ಒಂದು ಕಿಡ್ನಿ ಕೊಡುತ್ತೇನೆಂದು ಹೇಳಿ ಕಳಿಸಿದ್ದಳು. ರಕ್ತದ ಗುಂಪು ಕೂಡಿತ್ತು, ಮೊದಲ ಪರೀಕ್ಷೆಗಳೂ ಕೂಡಿದ್ದವು. ಮುಂಬಯಿಯ ದೊಡ್ಡ ಆಸ್ಪತ್ರೆಯ ಸರ್ಜನ್ ಹೇಳಿದ್ದು ಒಂದೇ: ಜ್ವರ ಇರಬಾರದು, ಮೈಯಲ್ಲಿ ರಕ್ತ ಇರಬೇಕು, ಫಿಟ್ ಆಗಿ ಬಾ. ಅಷ್ಟು ದಿನ ಅವನನ್ನು ಬದುಕಿಸಿಡುವುದು ನಮ್ಮ ಯೂನಿಟ್ಟಿನ ಕೆಲಸ.

ಅವನಿಗೆ ಚಳಿ ಶುರುವಾಯಿತು. ಮಷೀನ್ ಹಚ್ಚಿ ಸ್ವಲ್ಪ ಹೊತ್ತಿಗೆ ಹಲ್ಲು ಕಟಕಟ, ಮಂಚವೇ ಅಲುಗುವ ನಡುಕ, ಆಮೇಲೆ ಸುಡುವ ಜ್ವರ, ಬಿ.ಪಿ. ಪಾತಾಳಕ್ಕೆ. ಬ್ಲಾಂಕೆಟ್ಟಿನ ಮೇಲೆ ಬ್ಲಾಂಕೆಟ್ ಹೊದಿಸಿ ಮಹಾದೇವಿ ಅವನ ಕಾಲ ಮೇಲೆ ಒರಗಿ ಕೂರುತ್ತಿದ್ದಳು. ಪ್ರತಿ ಸಲ ರಕ್ತ ನನ್ನ ಲ್ಯಾಬಿಗೆ ಬರುತ್ತಿತ್ತು. ಪ್ರತಿ ಸಲ ನೋ ಗ್ರೋತ್. ಸಂಜೆಗೆ ಜ್ವರ ಇಳಿಯುತ್ತಿತ್ತು. ಬೇರೆ ರೋಗಿಗಳಿಗೂ ಅಷ್ಟಿಷ್ಟು ಚಳಿ ಬರುತ್ತಿತ್ತು, ಇವನಿಗೆ ಹೆಚ್ಚು.

ಇನ್‌ಚಾರ್ಜ್ ಸಿಸ್ಟರ್ ಲಿಸ್ಸಿ ಕೇರಳದವರು, ನಾಲಗೆ ಖಾರ. "ಕಲ್ ರಾತ್ ಕಿತನಾ ಪಿಯಾ, ಶರಣಪ್ಪಾ?" ಎಂದು ಎಲ್ಲರೆದುರು ಕೇಳುತ್ತಿದ್ದರು. ಅವನು ನಡುಗುತ್ತಲೇ, "ಸಿಸ್ಟರ್, ಒಂದ್ ಗ್ಲಾಸ್ ನೀರೂ ಕುಡೀಬ್ಯಾಡ ಅಂತೀರಿ, ದಾರು ಯಾವ ಕೋಟಾದಾಗ ಕುಡೀಲಿ?" ಎನ್ನುತ್ತಿದ್ದ. ನಾನು ತರ್ಜುಮೆ ಮಾಡಿದರೆ ಸಿಸ್ಟರ್ ನಗು ತಡೆಯಲು ಮುಖ ತಿರುಗಿಸುತ್ತಿದ್ದರು. ಲೇಲೆ ಸರ್ ಫೈಲ್ ನೋಡಿ, "ಕಲ್ಚರ್ ನೆಗೆಟಿವ್, ವಾಟರ್ ನೆಗೆಟಿವ್. ಮೇ ಬಿ ಆಂಗ್ಸೈಟಿ" ಎಂದು ಬರೆದರು. ಭಯದಿಂದ ನಡುಗುತ್ತಾನೆ ಎಂದು. ಭಯವಂತೂ ಇತ್ತು, ಹುಟ್ಟಿದ್ದು ನಡುಕದ ನಂತರ.

ಪೇಶಂಟುಗಳು ಬೇರೆಯೇ ಕಾರಣ ಕಂಡುಕೊಂಡಿದ್ದರು. ಅದು ನಾನು. ಬಾಟಲಿ ಹಿಡಿದು ನಾನು ಯೂನಿಟ್ಟಿಗೆ ಕಾಲಿಟ್ಟರೆ ಉಲ್ಹಾಸನಗರದ ಸಿಂಧಿ ಸೇಠ್ ಒಬ್ಬರು ಗೋಡೆಗೆ ಮುಖ ಮಾಡುತ್ತಿದ್ದರು. "ಆ ಗಯೀ ಪನೌತಿ", ಅಪಶಕುನ ಬಂತು ಎಂದು ಪಿಸುಗುಟ್ಟುತ್ತಿದ್ದರು. ಮಹಾದೇವಿ ಸೆರಗಿನಿಂದ ಗಂಡನ ಮುಖ ಮರೆಮಾಡುತ್ತಿದ್ದಳು. ಶರಣಪ್ಪ ಮಾತ್ರ ನೇರ ಹೇಳಿದ: "ಸಿಟ್ಟಾಗಬ್ಯಾಡ್ರಿ ಬಾಯೋರೆ. ನೀವು ಬಂದ ದಿನ ಥಂಡಿ ಗ್ಯಾರಂಟಿ ಅಂತಾರ ಎಲ್ಲಾರೂ. ನಿಮ್ ಕಣ್ಣ ಕೆಟ್ಟದು ಅಂತ. ನಾ ನಂಬಂಗಿಲ್ಲ. ಖರೇ ಅಂದ್ರ, ಅರ್ಧಾ ನಂಬ್ತೀನಿ."

ನಾನು ನಕ್ಕೆ. ಒಳಗೆ ನೋವಾಯಿತು. ಕಾನ್ವೆಂಟಿನಲ್ಲಿ ಓದಿದವಳು, ಸೂಪರ್‌ಸ್ಟಿಷನ್ ಎಂದು ತಳ್ಳಿಹಾಕಿ ಲ್ಯಾಬಿಗೆ ವಾಪಸು ಬಂದೆ.

ಚಳಿಯ ಜೊತೆಗೆ ಇನ್ನೊಂದು ಕೇಡು ಸದ್ದಿಲ್ಲದೆ ನಡೆಯುತ್ತಿತ್ತು. ಮೈಯ ರಕ್ಷಣಾ ವ್ಯವಸ್ಥೆ ಹೀಗೆ ಮತ್ತೆ ಮತ್ತೆ ಕೆರಳಿದಾಗ ಅದು ಕಬ್ಬಿಣದ ಅಂಶವನ್ನು ಶತ್ರುವಿಗೆ ಸಿಗದಂತೆ ಉಗ್ರಾಣದಲ್ಲಿ ಬಚ್ಚಿಡುತ್ತದೆ. ಆಗ ನಮ್ಮದೇ ರಕ್ತ ತಯಾರಾಗುವುದಿಲ್ಲ. ಇಂಜೆಕ್ಷನ್ ಕೊಟ್ಟರೂ ಶರಣಪ್ಪನ ಹಿಮೋಗ್ಲೋಬಿನ್ ಏರಲಿಲ್ಲ. ಆಪರೇಶನ್ನಿಗೆ ಫಿಟ್ ಆಗಬೇಕಲ್ಲ! ಬಾಟಲಿ ರಕ್ತ ಏರಿಸಿದರು. ಇಳಿಯಿತು. ಮತ್ತೆ ಏರಿಸಿದರು. ಅಪರಿಚಿತರ ರಕ್ತ, ಒಂದಾದ ಮೇಲೊಂದು.

ಆ ವರ್ಷ ನವಿ ಮುಂಬಯಿಯಲ್ಲಿ ಲ್ಯಾಬಿನವರಿಗೊಂದು ಸೆಮಿನಾರ್ ಇತ್ತು. ಮೀನಾಕ್ಷಿ ಒತ್ತಾಯಿಸಿದ್ದರಿಂದ ಹೋದೆ. ನಿಜ ಹೇಳಬೇಕೆಂದರೆ ಊಟ ಚೆನ್ನಾಗಿರುತ್ತದೆ ಎಂದು ಹೋದೆ. ಊಟಕ್ಕೆ ಮುಂಚೆ ಒಬ್ಬ ಯುವ ಸಂಶೋಧಕಿ ಪರದೆಯ ಮೇಲೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಒಂದು ಚಿತ್ರ ತೋರಿಸಿದಳು. ಒಂದು ಬ್ಯಾಕ್ಟೀರಿಯಾ, ಅದರ ಹೊರಪೊರೆ ಅಲ್ಲಲ್ಲಿ ಉಬ್ಬಿ, ಸೋಪಿನ ಗುಳ್ಳೆಗಳಂಥವು ಕಳಚಿ ಹೊರಗೆ ತೇಲುತ್ತಿದ್ದವು. ಮೆಂಬ್ರೇನ್ ವೆಸಿಕಲ್ಸ್ ಎಂದಳು. ಬ್ಯಾಕ್ಟೀರಿಯಾ ತೆಂಗಿನಕಾಯಿಯಾದರೆ ಇವು ಕಡಲೆಕಾಳು. ಒಳಗೆ ಜೀವವಿಲ್ಲ, ತಟ್ಟೆಯಲ್ಲಿ ಬೆಳೆಯುವುದಿಲ್ಲ. ಮೈಮೇಲೆ ಮಾತ್ರ ಬ್ಯಾಕ್ಟೀರಿಯಾದ ಎಲ್ಲ ಗುರುತುಗಳೂ ಇರುತ್ತವೆ, ವಿಷವೂ ಇರುತ್ತದೆ. ನಮ್ಮ ಬಿಳಿ ರಕ್ತಕಣಗಳು ಜೀವ ಇದೆಯೋ ಇಲ್ಲವೋ ಎಂದು ವಿಚಾರಿಸುವುದಿಲ್ಲ. ಗುರುತು ಕಂಡರೆ ಸಾಕು, ದಾಳಿ ಬಂತೆಂದು ಕೂಗೆಬ್ಬಿಸುತ್ತವೆ. ಜ್ವರ, ನಡುಕ, ರಕ್ತದೊತ್ತಡದ ಕುಸಿತ, ಎಲ್ಲವೂ ಆ ಕೂಗಿನದೇ ಫಲ. ಇದೇ ಗುಳ್ಳೆಗಳನ್ನು ಅಳೆದು, ಪಳಗಿಸಿ ಕೊಟ್ಟರೆ ಮೆದುಳು ಜ್ವರಕ್ಕೆ ಲಸಿಕೆಯಾಗುತ್ತದೆ, ದೇಹಕ್ಕೆ ಪಾಠ ಕಲಿಸುತ್ತದೆ ಎಂದೂ ಹೇಳಿದಳು. ಲೆಕ್ಕವಿಲ್ಲದೆ ರಕ್ತಕ್ಕೆ ಬಿದ್ದರೆ ದೇಹವೇ ತನ್ನನ್ನು ತಾನು ಸುಟ್ಟುಕೊಳ್ಳುತ್ತದೆ.

ಕೊನೆಗೆ ಅವಳು ಹೇಳಿದ ಮಾತಿಗೆ ನಾನು ಪೆನ್ ಕೆಳಗಿಟ್ಟೆ. ಔಷಧದ ಹೊಡೆತ ಬಿದ್ದಾಗ ಬ್ಯಾಕ್ಟೀರಿಯಾ ಇನ್ನೂ ಹೆಚ್ಚು ಗುಳ್ಳೆ ಉದುರಿಸುತ್ತವೆ. ಸತ್ತು ಒಡೆದವುಗಳ ಚೂರುಗಳೂ ಸುರುಳಿ ಸುತ್ತಿ ಗುಳ್ಳೆಗಳಾಗುತ್ತವೆ. ಫಿಲ್ಟರ್ ಅವನ್ನು ತಡೆಯುವುದಿಲ್ಲ.

ಬ್ಲೀಚ್. ನಾನು ಬರುವ ಹಿಂದಿನ ಸಂಜೆ ಮ್ಹಾತ್ರೆ ಹರಿಸುವ ಬ್ಲೀಚ್. ಬೆಳಿಗ್ಗೆ ಮೊದಲ ಪಾಳಿಯವನ ಡಯಲೈಸರ್ ತೊಳೆಯುವ ಮೊದಲ ನೀರು. ಬಾಟಲಿ ಹಿಡಿದು ಬರುವ ಪನೌತಿ. ಅಂದಿನ ಊಟದಲ್ಲಿ ಏನಿತ್ತೆಂದು ನನಗೆ ನೆನಪಿಲ್ಲ.

ಮುಂದಿನ ಸ್ಯಾಂಪಲ್ ದಿನ ಮೀನಾಕ್ಷಿ ಕೊಟ್ಟ ವಿಶೇಷ ಟ್ಯೂಬುಗಳಲ್ಲಿ ನೀರು ಹಿಡಿದೆ. ಒಂದು ಫಿಲ್ಟರಿಗೆ ಮುಂಚೆ, ಒಂದು ಫಿಲ್ಟರಿನ ನಂತರ. ಮ್ಹಾತ್ರೆ ಮುಖ ಸಣ್ಣ ಮಾಡಿಕೊಂಡ. "ಮ್ಯಾಡಂ, ಮಾಝಂ ಕಾಯ್ ಚುಕಲಂ?" ತನ್ನಿಂದ ಏನು ತಪ್ಪಾಯಿತು ಎಂದು. ಟ್ಯೂಬುಗಳನ್ನು ಪರ್ಸಿನಲ್ಲಿಟ್ಟುಕೊಂಡು ಲೋಕಲಿನಲ್ಲಿ ಥಾಣೆಗೆ ಹೋಗಿ, ಅಲ್ಲಿಂದ ಗಾಡಿ ಬದಲಿಸಿ ಮೀನಾಕ್ಷಿಯ ಲ್ಯಾಬಿಗೆ ಒಯ್ದೆ. ಅವಳು ಏಡಿಯ ಪುಡಿಯ ಜೊತೆ ಬೆರೆಸಿ ಬೆಚ್ಚಗಿಟ್ಟಳು. ಹೊತ್ತಾದ ಮೇಲೆ ಟ್ಯೂಬುಗಳನ್ನು ಒಂದೊಂದಾಗಿ ತಲೆಕೆಳಗೆ ಮಾಡಿದಳು. ಹೋಲಿಸಲು ಇಟ್ಟ ಬರೀ ಶುದ್ಧ ನೀರಿನದು ಸುರಿಯಿತು. ನಮ್ಮ ಆಸ್ಪತ್ರೆಯ ಎರಡೂ ಅಲ್ಲಾಡಲಿಲ್ಲ. ಫಿಲ್ಟರಿನ ನಂತರದ್ದೂ ತಳದಲ್ಲೇ ಜೆಲ್ಲಿಯಾಗಿ ಕಚ್ಚಿಕೊಂಡಿತ್ತು.

"ಇದನ್ನು ಮನುಷ್ಯರ ರಕ್ತಕ್ಕೆ ಬಿಡ್ತೀರಾ?" ಮೀನಾಕ್ಷಿ ಕೇಳಿದಳು. "ನಾವು ಮೊಲಕ್ಕೂ ಬಿಡ್ತಿರ್ಲಿಲ್ಲ ಮಾರಾಯ್ತಿ."

ಅಂದೇ ತಟ್ಟೆಗೆ ಹಾಕಿದ್ದ, ಫಿಲ್ಟರಿನ ನಂತರದ ನೀರಿನಲ್ಲಿ ಎಂದಿನಂತೆ ಏನೂ ಬೆಳೆಯಲಿಲ್ಲ. ಆ ಖಾಲಿ ತಟ್ಟೆ ಮತ್ತು ಆ ಟ್ಯೂಬು ಎರಡನ್ನೂ ಲೇಲೆ ಸರ್ ಮೇಜಿನ ಮೇಲಿಟ್ಟೆ. ಸೀಲಿಂಗಿನ ಜೋಕಿಗೆ ತಯಾರಾಗಿಯೇ ಹೋಗಿದ್ದೆ. ಅವರು ಟ್ಯೂಬನ್ನು ತಲೆಕೆಳಗೆ ಮಾಡಿ ಹಿಡಿದುಕೊಂಡೇ ಕೂತರು. ಬೆರಳಿನಿಂದ ತಟ್ಟಿದರು. ಅದು ಬೀಳಲಿಲ್ಲ.

"ಸುಮತಿಬಾಯಿ, ಈ ನೀರಿಗೆ ನಾನು ಎಷ್ಟು ವರ್ಷದಿಂದ ಸಹಿ ಹಾಕುತ್ತಿದ್ದೇನೆ?"

ಟ್ಯೂಬು ಹಿಡಿದೇ ಎದ್ದರು. ಅದೇ ಮಧ್ಯಾಹ್ನ ಟ್ರಸ್ಟಿಗಳ ಹತ್ತಿರ ಹೋಗಿ ಜಗಳವಾಡಿದರು. ಆ ಇಸ್ತ್ರಿಯ ಮನುಷ್ಯ ಮೇಜು ಗುದ್ದಿದರಂತೆ. ಪೈಪ್ ಕತ್ತರಿಸಿದರು. ಹಿಂದೊಮ್ಮೆ ಮಷೀನೊಂದನ್ನು ತೆಗೆದಾಗ ಹಾಗೇ ಬಿಟ್ಟಿದ್ದ ಮೋಟು ಕವಲೊಂದಿತ್ತು. ನೀರು ಹರಿಯದ ಜಾಗ. ಅದರೊಳಗೆ ಬೆರಳು ಹಾಕಿದರೆ ಬೂದು ಬಣ್ಣದ ಲೋಳೆ, ತೊಳೆಯದೆ ಬಿಟ್ಟ ದೋಸೆ ಹಿಟ್ಟಿನ ಪಾತ್ರೆಯ ಹಾಗೆ. ಬ್ಲೀಚ್ ಮೇಲಿನವನ್ನು ಕೊಲ್ಲುತ್ತಿತ್ತು. ಕೆಳಗಿನವು ಮತ್ತೆ ಬೆಳೆಯುತ್ತಿದ್ದವು. ಫಿಲ್ಟರು ಹೆಣಗಳನ್ನು ಹಿಡಿದಿಟ್ಟು, ಅವುಗಳ ಗುಳ್ಳೆಗಳನ್ನು ಮಾತ್ರ ಕೆಳಗೆ ಬಿಡುತ್ತಿತ್ತು. ಮ್ಹಾತ್ರೆ ಆ ಪೈಪಿನ ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿದ. ಆಮೇಲೆ ಹೋಗಿ ಕೈ ತೊಳೆದ, ಮತ್ತೆ ಮತ್ತೆ ತೊಳೆದ.

ಪೈಪ್ ಪೂರಾ ಹೊಸದಾಯಿತು. ಗುಳ್ಳೆಗಳನ್ನೂ ತಡೆಯುವ ಬೇರೆ ತರಹದ ಫಿಲ್ಟರ್ ಬಂತು. ಏಡಿಯ ಪುಡಿಯ ಪರೀಕ್ಷೆ ನಮ್ಮ ಲ್ಯಾಬಿನಲ್ಲೇ ಶುರುವಾಯಿತು. ಚಳಿ ನಿಂತಿತು. ಮೊದಲ ದಿನ ಶರಣಪ್ಪ ಅಭ್ಯಾಸಬಲದಿಂದ ಬ್ಲಾಂಕೆಟ್ ಕೊರಳ ತನಕ ಎಳೆದುಕೊಂಡು ಕಾದ. ಮಹಾದೇವಿ ಅವನ ಕಾಲಿಗೆ ಒರಗಿ ಕಾದಳು. ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಬ್ಲಾಂಕೆಟ್ ಒದ್ದು, "ಸೆಕಿ ಆಗ್ಲಾಕತ್ಯದ, ಫ್ಯಾನ್ ಹಚ್ರಿ" ಎಂದ. ಸಿಸ್ಟರ್ ಲಿಸ್ಸಿ ಫ್ಯಾನ್ ಹಾಕಿ, ಸೀದಾ ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಸಿಂಧಿ ಸೇಠ್ ಮುಂದಿನ ತಿಂಗಳು ನನ್ನನ್ನು ಕಂಡು ಗೋಡೆಗೆ ತಿರುಗಲಿಲ್ಲ; ಬಿಸ್ಕತ್ ಪೊಟ್ಟಣ ಕೊಟ್ಟರು.

ಜ್ವರವಿಲ್ಲ. ಹಿಮೋಗ್ಲೋಬಿನ್ ತಾನಾಗಿ ಏರಿತು. ನೀಲಮ್ಮ ಊರಿಂದ ಬಂದಳು: ಗಿಡ್ಡ ಹೆಂಗಸು, ಗಟ್ಟಿ ಮುಷ್ಟಿ, ಕೈತುಂಬ ಹಸಿರು ಬಳೆ. "ಎಂದ್ ಕೊಯ್ತಾರ?" ಎಂಬುದೇ ಅವಳ ಮೊದಲ ಪ್ರಶ್ನೆ. ಆಪರೇಶನ್ನಿಗೆ ಮುಂಚೆ ಕೊನೆಯ ಪರೀಕ್ಷೆ ಒಂದಿತ್ತು. ಮಗನ ರಕ್ತದ ನೀರನ್ನು ತಾಯಿಯ ಜೀವಕಣಗಳ ಜೊತೆ ಬೆರೆಸುತ್ತಾರೆ. ಅವು ಸುಮ್ಮನಿದ್ದರೆ ಸರಿ, ಸತ್ತರೆ ಆಪರೇಶನ್ ಇಲ್ಲ.

ಸತ್ತವು. ಮತ್ತೆ ಮಾಡಿದರು. ಮತ್ತೂ ಸತ್ತವು.

ಅಷ್ಟು ಜನರ ರಕ್ತ ಏರಿಸಿಕೊಂಡ ಅವನ ಮೈ ಅಪರಿಚಿತರ ಗುರುತುಗಳ ವಿರುದ್ಧ ಆಯುಧ ಮಾಡಿಕೊಂಡಿತ್ತು. ಆ ಗುರುತುಗಳಲ್ಲಿ ಕೆಲವು ತಾಯಿಯ ಮೈಯಲ್ಲೂ ಇದ್ದವು. ಇಂಥದ್ದನ್ನು ಇಳಿಸುವ ಚಿಕಿತ್ಸೆ ಆಗ ನಮ್ಮಂಥವರ ಕೈಗೆ ಎಟಕುವಂಥದ್ದಲ್ಲ. ನೀರಿನಿಂದ ಜ್ವರ, ಜ್ವರದಿಂದ ರಕ್ತಹೀನತೆ, ಅದಕ್ಕೆ ಬಾಟಲಿ ರಕ್ತ, ಅದರಿಂದ ಇದು. ಹೀಗೆಯೇ ಆಯಿತೆಂದು ಕೋರ್ಟಿನಲ್ಲಿ ಯಾರೂ ಸಾಬೀತು ಮಾಡಲಾರರು. ಲೇಲೆ ಸರ್ ಮತ್ತು ನಾನು ಅದರ ಬಗ್ಗೆ ಒಂದೇ ಸಲ ಮಾತಾಡಿದೆವು. "ಯೂ ಟೆಲ್ ಹರ್, ಸುಮತಿಬಾಯಿ. ನನಗೆ ಅವಳ ಭಾಷೆ ಬರುವುದಿಲ್ಲ" ಎಂದರು. ಭಾಷೆ ಬಂದಿದ್ದರೂ ಅವರಿಂದ ಆಗುತ್ತಿರಲಿಲ್ಲ.

ಕಾರಿಡಾರಿನ ಬೆಂಚಿನಲ್ಲಿ ನೀಲಮ್ಮನ ಪಕ್ಕ ಕೂತು ನನ್ನ ಪುಸ್ತಕದ ಕನ್ನಡದಲ್ಲಿ ಹೇಳಿದೆ.

"ನಂದು ಖರಾಬ್ ಅದ ಏನ್ರಿ?"

"ಇಲ್ಲ. ನಿಮ್ಮದು ಚೆನ್ನಾಗಿಯೇ ಇದೆ."

"ಮತ್ತ?"

"ಅವನ ಮೈ ಅದನ್ನು ಬೇರೆಯವರದ್ದು ಎಂದುಕೊಳ್ಳುತ್ತದೆ. ಕೊಂದುಬಿಡುತ್ತದೆ."

ಅವಳು ಬಳೆ ಮೇಲೆ ಸರಿಸಿ ಮತ್ತೆ ಕೆಳಗೆ ಸರಿಸಿದಳು. "ನನ್ನ ಹೊಟ್ಟ್ಯಾಗೇ ಬೆಳದಾನವ. ಆಗ ಬ್ಯಾರೆ ಅನಸ್ಲಿಲ್ಲೇನು?"

ಇದಕ್ಕೆ ವಿಜ್ಞಾನದಲ್ಲಿ ಉತ್ತರವಿದೆ. ನನಗೆ ಗೊತ್ತಿತ್ತು ಕೂಡ. ಅದನ್ನು ಬಿಟ್ಟು ಅವಳ ಕೈ ಹಿಡಿದುಕೊಂಡೆ.

"ನೀರಾಗ ಏನಿತ್ತಂತ ಬಾಯೋರೆ? ಹುಳ ಇದ್ವೇನು?"

"ಹುಳ ಇರಲಿಲ್ಲ. ಸತ್ತ ಹುಳಗಳ ಪೊರೆ ಇತ್ತು."

"ಸತ್ತಿದ್ದಕ್ಕ ಇಷ್ಟ್ ಅಂಜಿತೇನು ಅವನ ಮೈ?"

"ಅಂಜಿತು" ಎಂದೆ.

ಶರಣಪ್ಪ ಆಮೇಲೂ ಒಂದೆರಡು ವರ್ಷ ನಮ್ಮ ಮಷೀನಿಗೆ ಬಂದ, ಒಮ್ಮೆಯೂ ನಡುಗದೆ. ಜೋಕುಗಳು ಕಡಿಮೆಯಾಗಿದ್ದವು. ಒಂದು ಬೇಸಿಗೆಯಲ್ಲಿ ಹೃದಯ ನಿಂತು ತೀರಿಕೊಂಡ. ನಾನು ನಿವೃತ್ತಳಾಗುವ ತನಕ, ಪ್ರತಿ ತಿಂಗಳೂ ಫಿಲ್ಟರಿನ ಮುಂಚೆ ಒಂದು, ನಂತರ ಒಂದು, ಮತ್ತು ಬ್ಲೀಚ್ ಹರಿಸುವ ಮುಂಚೆ ಒಂದು, ಹೀಗೆ ಹೇಳದೆ ಕೇಳದೆ ಹೋಗಿ ಹಿಡಿಯುತ್ತಿದ್ದೆ. ಮಕ್ಕಳೇ, ನೀವೂ ಹಾಗೇ ಹಿಡಿಯಿರಿ. ತೊಳೆದಿಟ್ಟ ನಲ್ಲಿಯಿಂದ ಹಿಡಿದ ನೀರು ತೊಳೆದವನ ಬಗ್ಗೆ ಹೇಳುತ್ತದೆ, ನೀರಿನ ಬಗ್ಗೆ ಹೇಳುವುದಿಲ್ಲ.

ನೀಲಮ್ಮ ಊರಿಗೆ ಹೊರಟ ದಿನ ನಾನು ಕಲ್ಯಾಣ ಸ್ಟೇಷನ್ನಿಗೆ ಹೋಗಿದ್ದೆ. ಶರಣಪ್ಪನಿಗೆ ಅಂದು ಡಯಾಲಿಸಿಸ್ ಇತ್ತು, ಬರಲಿಲ್ಲ. ಮಹಾದೇವಿ ಅವನ ಹತ್ತಿರ ಉಳಿದಳು. ಸೊಲ್ಲಾಪುರದ ಕಡೆಯ ಗಾಡಿಯ ಜನರಲ್ ಡಬ್ಬಿಗೆ ತಳ್ಳಾಟದಲ್ಲಿ ನೀಲಮ್ಮನನ್ನು ಹತ್ತಿಸಿದೆ. ಕಿಟಕಿಯ ಸರಳಿನ ಹತ್ತಿರ ಜಾಗ ಸಿಕ್ಕಿತು. ನೀರಿನ ಬಾಟಲಿ ಕೊಟ್ಟೆ, ಬೇಡವೆಂದಳು. ಗಾಡಿ ಅಲುಗಿದಾಗ ಸೆರಗಿನೊಳಗೆ ಕೈ ಹಾಕಿ ಸೊಂಟದ ಪಕ್ಕ, ಬೆನ್ನ ಕಡೆ, ಅಂಗೈಯಿಂದ ಒತ್ತಿ ಹಿಡಿದಳು.

"ಕೊಡಾಕಂತ ತಂದಿದ್ದೆ," ಎಂದಳು. "ಹಂಗೇ ಹೊತ್ಕೊಂಡು ಹೊಂಟೀನಿ ನೋಡ್ರಿ."